ಇಂಜಿನ್ ಬಂದ್ ಮಾಡಿ ಇಳಿದ ಇಳಿಜಾರು

ಹೋದ ವರ್ಷ ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾದ ವಾರದಲ್ಲಿ ನಡೆದದ್ದು ಇದು. ನಮ್ಮ ಮನೆ ಬಸವಕಲ್ಯಾಣದಲ್ಲಿ. ನಾನು ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹೆಡ್ ಕ್ಲರ್ಕ್ ವೈಜಿನಾಥ ಸರ್ ಅವರ ಹಳೆಯ ಕಾರಿನಲ್ಲಿ ನಾನು ಮತ್ತು ಲೈಬ್ರರಿಯ ಶಬ್ಬೀರ್ ಸರ್ ದಿನಾ ಹೋಗಿ ಬರುತ್ತಿದ್ದೆವು. ಪೆಟ್ರೋಲ್ ಖರ್ಚು ಮೂವರದೂ.

ವೈಜಿನಾಥ ಸರ್ ಶೋಕಿಗೆ ಕಾರು ಕೊಂಡವರಲ್ಲ. ಅವರ ಹೆಂಡತಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ತವರಿಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ಅವರಿಗಾಗಿ ಇಬ್ಬರ ಕೈ ದಾಟಿ ಬಂದಿದ್ದ ಈ ಕಾರನ್ನು ಕೊಂಡು, ಕ್ಲರ್ಕ್ ಸಂಬಳದಲ್ಲಿ ಸಾಕುತ್ತಿದ್ದರು. ಏರ್ ಫಿಲ್ಟರ್ ತಾವೇ ಬಿಚ್ಚಿ ಜಾಡಿಸುವರು. ಟಯರ್ ಸವೆಯುವ ಮೊದಲೇ ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕುವರು. ಪ್ರತಿ ಸೋಮವಾರ ಗಾಳಿ ನೋಡುವರು. ಕಾರಿನಲ್ಲಿ ಮೂರು ಜನರಿಗಿಂತ ಹೆಚ್ಚು ಭಾರ ಇದ್ದರೆ ಅವರ ಮುಖವೇ ಸಣ್ಣದಾಗುತ್ತಿತ್ತು.

ಇನ್ನೊಂದು ಉಳಿತಾಯವೂ ಇತ್ತು. ರಾಜೇಶ್ವರದ ಹತ್ತಿರದ ಉದ್ದನೆಯ ಇಳಿಜಾರು ಬಂದೊಡನೆ ಸರ್ ಗೇರ್ ತೆಗೆದು, ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡುತ್ತಿದ್ದರು. ಸ್ಟೇರಿಂಗ್ ಲಾಕ್ ಆಗಬಾರದೆಂದು ಕೀಲಿಯನ್ನು ಮತ್ತೆ ಒಂದಿಷ್ಟು ಮುಂದಕ್ಕೆ ತಿರುಗಿಸಿ ಇಡುತ್ತಿದ್ದರು. ಕಾರು ಸದ್ದಿಲ್ಲದೆ ಉರುಳುತ್ತಿತ್ತು. ನಮಗೆ ಅದೊಂದು ಆಟವಾಗಿತ್ತು. ಇಂಜಿನ್ ಇಲ್ಲದೆ ಕಾರು ಎಲ್ಲಿಯ ತನಕ ಹೋಗುತ್ತದೆ ಎಂದು ಒಬ್ಬೊಬ್ಬರು ಒಂದೊಂದು ಜಾಗ ಹೇಳುವುದು, ಸೋತವರು ಚಹಾ ಕುಡಿಸುವುದು. ಬ್ರೇಕ್ ಒತ್ತಿದರೆ ಓಟ ಕಡಿಮೆಯಾಗುತ್ತದಲ್ಲ, ಹಾಗಾಗಿ ಯಾರಿಗೂ ಬ್ರೇಕ್ ಬೇಕಿರಲಿಲ್ಲ.

ಅವತ್ತು ಬೆಳಿಗ್ಗೆ ನಾನು, "ಇವತ್ತ ಸೇತುವಿ ದಾಟತದ ನೋಡ್ರಿ" ಎಂದೆ.

"ಅರೆ ಮೇಡಂ, ಬೇವಿನ ಗಿಡಾ ದಾಟಿದ್ರ ಭಾಳ ಆತು. ಚಾದ ರೊಕ್ಕಾ ತೆಗದ ಇಡ್ರಿ" ಎಂದು ಮುಂದಿನ ಸೀಟಿನಿಂದ ಶಬ್ಬೀರ್ ಸರ್ ಕಾಲೆಳೆದರು.

ಅರ್ಧ ಇಳಿದಿರಬೇಕು, ಎರಡು ಎಮ್ಮೆ ಅಡ್ಡ ಬಂದವು. ಸರ್ ಎರಡು ಮೂರು ಸಲ ಬ್ರೇಕ್ ಒತ್ತಿದರು. ಎಮ್ಮೆಗಳು ಸರಿದ ಮೇಲೂ ಅವರ ಕಾಲು ಬ್ರೇಕಿನ ಮೇಲೇ ಇತ್ತು. "ಬ್ರೇಕ್ ಬಿಡ್ರಿ ಸರ್, ನಾ ಸೋಲ್ತೀನಿ" ಎಂದೆ. ಅವರು ನಕ್ಕು ಕಾಲು ತೆಗೆದರು. ಕಾರು ಮತ್ತೆ ವೇಗ ಹಿಡಿಯಿತು.

ಕೆಳಗೆ ತಿರುವಿನಲ್ಲಿ ಒಂದು ಟಂಟಂ ಆಟೊ ನಿಂತಿತ್ತು. ಕಡಲೆ ಹೊಲದ ಕಳೆ ತೆಗೆಯಲು ಬಂದ ಆರೇಳು ಹೆಣ್ಣುಮಕ್ಕಳು ಅದರಿಂದಿಳಿದು, ನಮಗೆ ಬೆನ್ನು ಮಾಡಿ, ಮಾತಾಡುತ್ತ ರಸ್ತೆ ದಾಟುತ್ತಿದ್ದರು. ಸರ್ ಬ್ರೇಕ್ ಒತ್ತಿದರು. ಮತ್ತೆ ಒತ್ತಿದರು.

"ಬ್ರೇಕ್ ಹತ್ತವಲ್ದು" ಎಂದರು. ಕೂಗಲಿಲ್ಲ, ತಮಗೆ ತಾವೇ ಹೇಳಿಕೊಂಡಂತೆ ಅಂದರು.

ಹಾರ್ನ್ ಕೇಳಿ ಹೆಂಗಸರು ಚದುರಿದರು. ಒಬ್ಬ ಮುದುಕಿ ಮಾತ್ರ ಎತ್ತ ಹೋಗುವುದೆಂದು ತಿಳಿಯದೆ, ಸೀರೆ ಕಾಲಿಗೆ ತೊಡರಿ ರಸ್ತೆ ನಡುವೆಯೇ ಬಿದ್ದಳು. ಶಬ್ಬೀರ್ ಸರ್ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದರು. ವೈಜಿನಾಥ ಸರ್ ಮೈಭಾರವೆಲ್ಲ ಹಾಕಿ ಸ್ಟೇರಿಂಗ್ ತಿರುಗಿಸಿದರು. ಕಾರಿನ ಹಿಂಭಾಗ ಜಾರಿತು, ಮುಂದಿನ ಚಕ್ರ ರಸ್ತೆ ಪಕ್ಕದ ತಗ್ಗಿಗೆ ಇಳಿದು ನಿಂತಿತು. ನನ್ನ ಕಿಟಕಿಯಿಂದ ಕೈ ಚಾಚಿದರೆ ಆ ಮುದುಕಿಯ ತಲೆ ಸಿಗುತ್ತಿತ್ತು. ಅವಳ ಬುತ್ತಿ ಬಿಚ್ಚಿ ರೊಟ್ಟಿಗಳು ಡಾಂಬರಿನ ಮೇಲೆ ಬಿದ್ದಿದ್ದವು.

"ಕಣ್ಣ ಮನ್ಯಾಗ ಇಟ್ಟ ಬಂದೀರೇನು?" ಎಂದು ಒಬ್ಬ ಹುಡುಗಿ ಸರ್ ಮೇಲೆ ಹರಿಹಾಯ್ದಳು. ಸರ್ ಕಾರಿನಿಂದಿಳಿದು ಅಲ್ಲೇ ಮಣ್ಣಲ್ಲಿ ಕೂತುಬಿಟ್ಟರು. ಮುದುಕಿ ತಾನೇ ಎದ್ದು, ಮೊಣಕಾಲಿನ ಧೂಳು ಜಾಡಿಸಿಕೊಂಡು ಅವರ ಹತ್ತಿರ ಬಂದಳು.

"ನೀರ ಕುಡಿ ತಮ್ಮಾ" ಎಂದು ತನ್ನ ಬಾಟಲಿ ಕೊಟ್ಟಳು. ಆಮೇಲೆ ಕೇಳಿದಳು, "ನಮಗ ಸಪ್ಪಳಾನ ಬರಲಿಲ್ಲಲ್ಲೋ. ಹ್ಯಾಂಗ ಬಂತು ನಿನ್ನ ಗಾಡಿ?"

"ಇಂಜಿನ್ ಬಂದ್ ಮಾಡಿದ್ದೆ, ಆಯಿ."

"ಯಾಕ?"

"ಪೆಟ್ರೋಲ್ ಉಳಸಾಕ."

"ಎಷ್ಟ ಉಳಿತದ?"

ಸರ್ ಬಾಟಲಿ ವಾಪಸ್ ಕೊಟ್ಟರು. "ಅರ್ಧಾ ಚಾದಷ್ಟು" ಎಂದರು.

"ಚಾ ಬೇಕಿದ್ರ ನಮ್ಮನಿಗಿ ಬರಬೇಕಿತ್ತಲ್ಲ, ಕುಡಸ್ತಿದ್ದೆ" ಎಂದಳು ಮುದುಕಿ. ಬೈದಿದ್ದ ಹುಡುಗಿ ಕೂಡ ನಕ್ಕಳು. ಸರ್ ಅಳುತ್ತಿದ್ದರು. ಆ ಹೆಣ್ಣುಮಕ್ಕಳೇ ಸೇರಿ ನಮ್ಮ ಕಾರನ್ನು ತಗ್ಗಿನಿಂದ ಮೇಲಕ್ಕೆ ದೂಡಿದರು.

ಹುಮನಾಬಾದಿನ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, "ಬ್ರೇಕ್ ಛಲೋನೇ ಅದಾವ್ರಿ ಸರ್. ಇಂಜಿನ್ ಗಾಳಿ ಎಳದ್ರನ ಬ್ರೇಕಿಗಿ ಜೋರ್. ಅದು ಬಂದ್ ಇದ್ರ ಜೋರ್ ಎಲ್ಲಿಂದ ಬರ್ತದ? ಎರಡು ಸಲ ಒತ್ತಿದ ಮ್ಯಾಲ ಪೆಡಲ್ ಕಲ್ಲಾಗ್ತದ" ಎಂದ. ನಾನು ಬೇರೆ ಕಡೆ ಮುಖ ಮಾಡಿದೆ. ಗಾಳಿಯ ಒತ್ತಡ, ನಿರ್ವಾತ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುವವಳು ನಾನು. ಹೊಳೆಯಬೇಕಾಗಿದ್ದು ಮೊದಲು ನನಗೆ.

ಸರ್ ಈಗಲೂ ಫಿಲ್ಟರ್ ತಾವೇ ಜಾಡಿಸುತ್ತಾರೆ, ಗಾಳಿ ನೋಡುತ್ತಾರೆ, ನಿಧಾನ ಓಡಿಸುತ್ತಾರೆ. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡುವುದಿಲ್ಲ. ಆದರೂ ಆ ತಿರುವು ಬಂದರೆ ಹಿಂದಿನ ಸೀಟಿನಲ್ಲಿ ಕೂತ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಮನೆಯಲ್ಲೂ, ಕಾಲೇಜಿನಲ್ಲೂ ಸರ್ "ನಂದೇ ತಪ್ಪು" ಎಂದೇ ಹೇಳಿದರು. ಬ್ರೇಕ್ ಬಿಡಿ ಎಂದವರು ಯಾರು ಅನ್ನುವುದನ್ನು ಅವರಾಗಲಿ, ಶಬ್ಬೀರ್ ಸರ್ ಆಗಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ.

ಆ ಮುದುಕಿಗಾದರೂ ಅದನ್ನು ಹೇಳಬೇಕೆಂದು ಎರಡು ತಿಂಗಳು ಒದ್ದಾಡಿದೆ. ಒಂದು ದಿನ ಅದೇ ಜಾಗದಲ್ಲಿ ಟಂಟಂ ಕಂಡಿತು. ಕಾರು ನಿಲ್ಲಿಸಲು ಹೇಳಿ, ಇಳಿದು ಓಡಿದೆ. "ಆಯಿ, ಅವತ್ತ ನಿಮ್ಮ ಮ್ಯಾಲ ಬಂದಿತ್ತಲ್ಲ, ಆ ಗಾಡ್ಯಾಗ ನಾನೂ ಇದ್ದೆ" ಎಂದೆ.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

"ಯಾವ ಗಾಡಿ, ಅವ್ವಾ?" ಎಂದಳು. "ದಿನಾ ಒಂದಿಲ್ಲ ಒಂದು ಗಾಡಿ ಹಂಗ ಮೈಮ್ಯಾಲ ಬರ್ತದ. ಯಾವ್ದಂತ ನೆನಪ ಇಟ್ಕೊಳ್ಳಲಿ?"

ಅಷ್ಟರಲ್ಲಿ ಜೊತೆಯವರು ಕರೆದರು. ಅವಳು ಬುತ್ತಿ ಎತ್ತಿಕೊಂಡು ರಸ್ತೆ ದಾಟಿದಳು. ಅವಳು ಆಚೆ ಬದಿ ಮುಟ್ಟುವ ತನಕ ನಾನು ಇಳಿಜಾರಿನ ಕಡೆಯೇ ನೋಡುತ್ತ ನಿಂತಿದ್ದೆ.