ಕೊಟ್ರಮ್ಮ ಮೇಡಂ ಮತ್ತು ಹದಿನೆಂಟನೇ ಪ್ರಶ್ನೆ

ಕೊಟ್ರಮ್ಮ ಮೇಡಂ ಕೂತು ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಅವರ ನಡುಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಎತ್ತರದ ಮೇಜೊಂದಿತ್ತು. ಅದರ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಫಾರಂಗಳ ಕಟ್ಟು, ಕಟ್ಟು ಹಾರದಂತೆ ಅದರ ಮೇಲೊಂದು ತಣ್ಣಗಿನ ಇಸ್ತ್ರಿಪೆಟ್ಟಿಗೆ. ಎರಡು ಸಾಲು ಅಂಕಿ ನೋಡುವರು, ಅಡುಗೆಮನೆವರೆಗೆ ನಡೆದು ಬರುವರು, ಮತ್ತೆ ಎರಡು ಸಾಲು. ಚಹಾ ಕುಡಿಯುವುದೂ ನಿಂತೇ, ಸಾಸರನ್ನು ಕಿಟಕಿಯ ಕಟ್ಟೆ ಮೇಲಿಟ್ಟು. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಅದು ಅಲ್ಲಿರುವುದು ಮರೆತು ಇನ್ನೊಂದನ್ನು ಸಿಕ್ಕಿಸಿಕೊಳ್ಳುವರು. ನಿಜಲಿಂಗಪ್ಪ ಬಡಾವಣೆಯಲ್ಲಿ ಅವರ ಮನೆ ನಮ್ಮ ಹಿಂದಿನ ಸಾಲಿನದು. ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಸದ್ದು ಜೋರಾದರೆ ಲೆಕ್ಕ ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತಿದ್ದೆ.

ಹುಟ್ಟಿದ್ದು ಭಾನುವಳ್ಳಿಯ ಒಕ್ಕಲುಮನೆಯಲ್ಲಿ. ಓದಿದ್ದು ಸಂಖ್ಯಾಶಾಸ್ತ್ರ. ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ. ಪಿ.ಜಿ. ಓದುವ ಡಾಕ್ಟರ್ ಹುಡುಗ-ಹುಡುಗಿಯರು ಥೀಸಿಸ್ ಹೊತ್ತು ಅವರ ಮನೆಗೆ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ: ನನ್ನ ಅಂಕಿಗಳಿಗೆ ಯಾವ ಟೆಸ್ಟ್ ಹಾಕಿ ಲೆಕ್ಕ ಮಾಡಬೇಕು ಮೇಡಂ?

“ಟೆಸ್ಟು ಆಮ್ಯಾಲೆ. ನಿನಗೇನು ತಿಳೀಬೇಕಾಗೈತೆ, ಅದನ್ನ ಹೇಳು ಮೊದ್ಲು.”

ಹೆಚ್ಚಿನವರು ಅಲ್ಲೇ ತಡವರಿಸುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಗಾಳಿಗೆ ಹಾರಿ ನಮ್ಮ ತಾರಸಿಗೆ ಬಂದ ಅವರ ದಿಂಬಿನ ಚೀಲದಿಂದ. ಕೊಡಲು ಹೋದಾಗ ಮೇಜಿನ ಮೇಲೆ ಇಂಗ್ಲಿಷ್ ಫಾರಂ ಇತ್ತು. ನಿಂತಲ್ಲೇ ಓದಿ, ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಹೀಗೆ ಕೇಳಬಹುದಲ್ಲವೇ ಎಂದೆ. ಅವರ ನಡಿಗೆ ನಿಂತಿತು. “ಕಾನ್ವೆಂಟಿನಾಗೆ ಓದೀಯೇನವ್ವಾ?” ಎಂದರು. ಹೌದೆಂದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನನ್ನ ಇಂಗ್ಲಿಷ್ ಅತ್ತೆಯ ಔಷಧಿ ಬಾಟಲಿಯ ಚೀಟಿ ಓದಲು ಬಿಟ್ಟರೆ ಇನ್ನಾವುದಕ್ಕೂ ಬಳಕೆಯಾಗಿರಲಿಲ್ಲ. ಮರುದಿನದಿಂದ ಮಧ್ಯಾಹ್ನದ ಊಟ ಮುಗಿಸಿ ಅವರ ಮನೆಗೆ ಹೋಗತೊಡಗಿದೆ.

ಮೊದಲ ವಾರದಲ್ಲೇ ಅವರೊಂದು ಪಾಠ ಹೇಳಿದ್ದರು, ನಡೆಯುತ್ತಲೇ. ಬದುಕು ಹೇಗಿದೆ ಎಂದು ಕೇಳುವ ಫಾರಂಗಳಲ್ಲಿ ಉತ್ತರಕ್ಕೆ ಒಂದರಿಂದ ಐದರವರೆಗೆ ಅಂಕಿಗಳಿರುತ್ತವೆ: ಒಂದು ಎಂದರೆ ಬಹಳ ಅತೃಪ್ತಿ, ಐದು ಎಂದರೆ ಬಹಳ ತೃಪ್ತಿ. ಕೂಡಿಸಿ ಭಾಗಿಸಿದರೆ ಸರಾಸರಿ ಬಂತಲ್ಲ, ಇನ್ನೇನು ಕಷ್ಟ ಎಂದು ನಾನು ಕೇಳಿದ್ದೆ. “ಇಲ್ಲಿಂದ ಆವರಗೆರೆ ಸಿಟಿ ಬಸ್ಸಿನಾಗೆ ಒಂದು ಸ್ಟಾಪು ಅನ್ಕ. ಹರಿಹರಾನೂ ತಡೆರಹಿತ ಬಸ್ಸಿನಾಗೆ ಒಂದೇ ಸ್ಟಾಪು. ದೂರ ಒಂದೇ ಆತೇನು? ಒಂದರಿಂದ ಎರಡಕ್ಕೆ ಬರೋದು ಬ್ಯಾರೆ, ನಾಲ್ಕರಿಂದ ಐದಕ್ಕೆ ಹೋಗೋದು ಬ್ಯಾರೆ. ಇದು ತಕ್ಕಡಿ ಅಲ್ಲವ್ವಾ, ಬರೀ ಮೆಟ್ಲು.” ಅದಕ್ಕೇ ಅಂಥ ಉತ್ತರಗಳಿಗೆ ಅವರು ಮೆಟ್ಟಿಲುಗಳ ಸಾಲನ್ನಷ್ಟೇ ನೋಡುವ ವಿಧಾನ ಆರಿಸುತ್ತಿದ್ದರು, ದೂರವನ್ನು ನಂಬುತ್ತಿರಲಿಲ್ಲ.

ಸ್ಮಿತಾ ಎಂಬ ಪಿ.ಜಿ. ಹುಡುಗಿಯ ಕೆಲಸ ಬಂದದ್ದು ಆ ವರ್ಷವೇ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಕೆಲವರ ಮನೆಗೆ ತಿಂಗಳಿಗೊಮ್ಮೆ ನರ್ಸ್ ಹೋಗಿ ಬರುತ್ತಿದ್ದಳು, ಉಳಿದವರ ಮನೆಗೆ ಇಲ್ಲ. ಹಾಗೆ ಹೋಗಿ ಬರುವುದರಿಂದ ಅವರ ಬದುಕು ಸ್ವಲ್ಪವಾದರೂ ಹಗುರಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ನಿದ್ದೆ, ನೋವು, ಓಡಾಟ, ನೆಂಟರಿಷ್ಟರು ಎಂದು ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳ ಫಾರಂ. ಒಂದು ಫಾರಂ ತುಂಬುವ ಮೊದಲೇ ಮೇಡಂ ಹಾಳೆಯೊಂದರಲ್ಲಿ ಯಾವ ವಿಧಾನ, ಯಾಕೆ, ಖಾಲಿ ಬಿಟ್ಟ ಉತ್ತರಕ್ಕೆ ಏನು ಮಾಡುವುದು ಎಲ್ಲ ಬರೆದು, ಸ್ಮಿತಾಳ ಸಹಿ ಹಾಕಿಸಿ, ತಾವೂ ಹಾಕಿ, ಸೇಫ್ಟಿಪಿನ್ನಿನಿಂದ ಕ್ಯಾಲೆಂಡರಿಗೆ ಚುಚ್ಚಿದರು. “ಉತ್ತರ ಕಂಡಮ್ಯಾಲೆ ಟೆಸ್ಟು ಆರಿಸಾಕೆ ಹೋದ್ರೆ ಮನಸ್ಸು ತನಗೆ ಬೇಕಾದ್ದನ್ನೇ ಆರಿಸ್ತೈತೆ. ನಂದೂ ಅಷ್ಟೇ.”

ಮನೆಮನೆಗೆ ಹೋಗಿ ಕೇಳುವ ಕೆಲಸ ನನ್ನದಾಯಿತು. ನಾನು ಮೆತ್ತಗೆ ಮಾತಾಡುತ್ತೇನೆ, ಜನ ಬಾಯಿ ಬಿಡುತ್ತಾರೆ ಎಂಬುದು ಮೇಡಂ ಲೆಕ್ಕ. ದಾವಣಗೆರೆ, ಹರಿಹರ, ಭಾನುವಳ್ಳಿ ಎಂದು ನಲವತ್ತೆರಡು ಮನೆ. ಹೇಗಿದ್ದೀರಿ ಎಂದರೆ ನಮ್ಮ ಕಡೆ ಎಲ್ಲರೂ ‘ಆರಾಮ’ ಎನ್ನುತ್ತಾರೆ. ಅದನ್ನು ಬರೆದುಕೊಳ್ಳಬೇಡ, ಸುಮ್ಮನೆ ಕೂತಿರು, ಎರಡನೇ ಮಾತು ಬರುತ್ತದೆ ಎಂದು ಮೇಡಂ ಹೇಳಿಕೊಟ್ಟಿದ್ದರು. ನಾನು ಕೂತಿರುತ್ತಿದ್ದೆ, ಮಾತು ಬರುತ್ತಿತ್ತು.

ಆದರೆ ಹದಿನೆಂಟನೇ ಪ್ರಶ್ನೆ ಬಂದಾಗ ನನ್ನ ನಾಲಿಗೆ ಏಳುತ್ತಿರಲಿಲ್ಲ. ಗಂಡ-ಹೆಂಡಿರ ಮೈಯ ಹತ್ತಿರದ ಬಗ್ಗೆ, ಅದರಲ್ಲಿ ತೃಪ್ತಿ ಇದೆಯೇ ಎಂದು ಕೇಳುವ ಪ್ರಶ್ನೆ ಅದು. ಮೊದಲ ಮನೆಯಲ್ಲೇ ನನ್ನ ತಾಯಿಯ ವಯಸ್ಸಿನವರೊಬ್ಬರು ಮಡಿಲಲ್ಲಿ ಸೊಪ್ಪು ಸೋಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹದಿನೇಳಾದ ಮೇಲೆ ಹತ್ತೊಂಬತ್ತು ಕೇಳಿದೆ. ಹದಿನೆಂಟರ ಮುಂದೆ ಮೂರು ಎಂದು ಗುರುತು ಹಾಕಿದೆ. ಮೂರು ಎಂದರೆ ಅದೂ ಅಲ್ಲ, ಇದೂ ಅಲ್ಲ. ಯಾರಿಗೂ ನೋವಾಗದ ಅಂಕಿ ಅನ್ನಿಸಿತು. ಎರಡನೇ ಮನೆಯಲ್ಲೂ ಹಾಗೇ ಮಾಡಿದೆ. ಆಮೇಲೆ ಅದು ರೂಢಿಯಾಯಿತು.

ಫಾರಂಗಳನ್ನು ಒಪ್ಪಿಸಿದ ದಿನ ಮೇಡಂ ಒಂದೊಂದನ್ನೂ ತಿರುವಿ, ಇಷ್ಟು ವರ್ಷದಲ್ಲಿ ಒಂದೂ ಖಾಲಿ ಬಿಡದ ಫಾರಂ ಕಟ್ಟನ್ನು ಇದೇ ಮೊದಲು ನೋಡುತ್ತಿರುವುದು ಎಂದರು. ಸ್ಮಿತಾ ನನಗೊಂದು ಸಿಹಿಯ ಪೊಟ್ಟಣ ತಂದಳು. ಅಂದಿನಿಂದ ನನಗೆ ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಹೇಳಿಬಿಡಬೇಕೆಂದು ಎರಡು ಸಲ ಅವರ ಗೇಟಿನವರೆಗೆ ಹೋಗಿ, ಕರಿಬೇವು ಕೇಳಿಕೊಂಡು ವಾಪಸಾದೆ. ತಾರಸಿಗೆ ಹೋದರೆ ಆ ಚಪ್ಪಲಿಯ ಸದ್ದು. ಅದು ಜೋರಾದಾಗೆಲ್ಲ ಒಣಗದ ಬಟ್ಟೆಯನ್ನೂ ಬಾಚಿಕೊಂಡು ಕೆಳಗಿಳಿಯುತ್ತಿದ್ದೆ.

ಲೆಕ್ಕ ಮುಗಿದಾಗ ನರ್ಸ್ ಹೋದ ಮನೆಗಳಿಗೂ ಹೋಗದ ಮನೆಗಳಿಗೂ ವ್ಯತ್ಯಾಸ ಕಂಡದ್ದು ಒಂದೇ ಭಾಗದಲ್ಲಿ, ಸಂಬಂಧಗಳ ಭಾಗದಲ್ಲಿ. ಹದಿನೆಂಟನೇ ಪ್ರಶ್ನೆ ಇದ್ದದ್ದೂ ಅಲ್ಲೇ. ಸ್ಮಿತಾ ಖುಷಿಯಿಂದ ತನ್ನ ಗೈಡಿಗೆ ಫೋನು ಮಾಡಿಯೂ ಬಿಟ್ಟಳು. ಥೀಸಿಸ್ ಕೊಡಲು ಅವಳಿಗಿದ್ದದ್ದು ಎರಡೇ ವಾರ. ಮರುದಿನ ಮಧ್ಯಾಹ್ನ ಮೇಡಂ ನನ್ನನ್ನು ಕರೆಸಿದರು. ಸ್ಮಿತಾಳೂ ಅಲ್ಲಿದ್ದಳು. ಲ್ಯಾಪ್‌ಟಾಪಿನಲ್ಲಿ ಒಂದೊಂದು ಪ್ರಶ್ನೆಗೂ ಒಂದೊಂದು ಚಿತ್ರ. ಎಲ್ಲದರಲ್ಲೂ ಕಂಬಗಳು ನಮ್ಮ ಬೀದಿಯ ಮನೆಗಳ ಹಾಗೆ ಎತ್ತರ-ತಗ್ಗಾಗಿದ್ದವು. ಒಂದರಲ್ಲಿ ಮಾತ್ರ ಮುಚ್ಚಿದ ಮಿಲ್ಲಿನ ಚಿಮಣಿಯಂತೆ ಒಂದೇ ಕಂಬ.

“ನಲವತ್ತೆರಡು ಮಂದಿ ಒಂದೇ ಮಾತು ಆಡ್ತಾರೇನವ್ವಾ? ನಮ್ಮ ಭಾನುವಳ್ಳಿಯಾಗೆ ಇವತ್ತು ಯಾವ ವಾರ ಅಂತ ಕೇಳಿದ್ರೂ ಎರಡು ಉತ್ತರ ಬರ್ತಾವೆ.”

ಕೇಳಲಿಲ್ಲ ಎಂದೆ. ಯಾರನ್ನೂ ಕೇಳಲಿಲ್ಲ ಎಂದೆ. ಅಷ್ಟು ಹೇಳುವುದರಲ್ಲಿ ಸೆರಗಿನ ಅಂಚು ನನ್ನ ಬೆರಳಿಗೆ ಹಗ್ಗದಂತೆ ಸುತ್ತಿಕೊಂಡಿತ್ತು.

ಮೇಡಂ ಬೈಯಲಿಲ್ಲ. ಅಡುಗೆಮನೆಗೆ ಹೋದರು, ಬಂದರು, ಮತ್ತೆ ಹೋದರು. ಸ್ಮಿತಾಳೇ ನನ್ನ ಪರ ವಹಿಸಿದಳು. ಮೂರು ನಡುವಿನ ಅಂಕಿ ತಾನೆ, ನರ್ಸ್ ಹೋದ, ಹೋಗದ ಎರಡೂ ಕಡೆ ಒಂದೇ ಇರುವುದರಿಂದ ಯಾವ ಕಡೆಗೂ ವಾಲುವುದಿಲ್ಲ, ಹಾಗೇ ಬಿಡೋಣ ಮೇಡಂ ಎಂದಳು.

“ವಾಲಲ್ಲ, ಖರೆ. ಆದ್ರೆ ಜನ ಹಿಂಗೂ ಹಂಗೂ ಇದ್ದಾಗ ಟೆಸ್ಟು ಹೆದರಿ ಮಾತಾಡ್ತೈತೆ. ಎಲ್ರೂ ಒಂದೇ ಕಡೆ ನಿಂತಂಗೆ ಕಂಡ್ರೆ ಅದಕ್ಕೆ ಧೈರ್ಯ ಬರ್ತೈತೆ. ನಿನಗೆ ಸಿಕ್ಕಿರೋದು ಈ ಸುಳ್ಳು ಧೈರ್ಯ ಇರಬೋದು ಸ್ಮಿತಾ.”

ಹಾಗಾದರೆ ಖಾಲಿ ಎಂದು ತೋರಿಸಿ ಬೇರೆ ವಿಧಾನ ಹಾಕೋಣವೇ ಎಂದು ಅವಳು ಕೇಳಿದಳು. ಮೇಡಂ ಕ್ಯಾಲೆಂಡರಿನ ಹಾಳೆಗೆ ಪೆನ್ಸಿಲ್ ತಾಗಿಸಿದರು. ಒಂದು ಭಾಗದಲ್ಲಿ ಖಾಲಿ ಬಹಳವಿದ್ದರೆ ಆ ಭಾಗದ ಲೆಕ್ಕವನ್ನೇ ಮಾಡಬಾರದೆಂದು ಅಲ್ಲಿ ಅವರೇ ಬರೆದಿದ್ದರು. ಖಾಲಿ ಎಂದು ಒಪ್ಪಿದರೆ ಆ ಫಲಿತಾಂಶ ಹೋಯಿತು. ಮೂರನ್ನೇ ಉಳಿಸಿದರೆ ಸುಳ್ಳು. ಸ್ಮಿತಾ ಅಳಲಿಲ್ಲ, ಆದರೆ ನನ್ನ ಕಡೆ ನೋಡಲೂ ಇಲ್ಲ. ಉಳಿದದ್ದು ಒಂದೇ ದಾರಿ. ಆ ಒಂದು ಪ್ರಶ್ನೆ ಹಿಡಿದು ನಾನು ನಲವತ್ತೆರಡು ಮನೆಗೂ ಮತ್ತೆ ಹೋಗಬೇಕು.

ಮೊದಲ ದಿನ ಮೇಡಂ ಜೊತೆಗೆ ಬಂದರು. ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿಗೆ ಹೋದೆವು. ಬಸ್ಸಿನಲ್ಲೂ ಅವರು ಕಂಬಿ ಹಿಡಿದು ನಿಂತೇ ಇದ್ದರು, ಸೀಟು ಖಾಲಿಯಿದ್ದರೂ. ಅಲ್ಲಿ ನಾವು ಹೋದ ಮನೆಯ ಹೆಂಗಸನ್ನು ಗೌರಮ್ಮ ಎಂದು ಕರೆಯುತ್ತೇನೆ, ಅವರ ನಿಜವಾದ ಹೆಸರಲ್ಲ. ಮೇಡಂ ಒಳಗೆ ಬರಲಿಲ್ಲ. ತಾವು ನಿಂತರೆ ಆಕೆ ತಮ್ಮ ಮುಖ ನೋಡಿ ಉತ್ತರ ಹೇಳುತ್ತಾಳೆ ಎಂದು ಕಾಲುವೆ ಏರಿಯ ಮೇಲೆ ಅಡ್ಡಾಡತೊಡಗಿದರು.

ದಾಂಪತ್ಯ ಜೀವನದಲ್ಲಿ ನಿಮಗೆಷ್ಟು ತೃಪ್ತಿ ಇದೆ ಎಂದು ಕೇಳಿದೆ. ಗೌರಮ್ಮನಿಗೆ ನನ್ನ ಪುಸ್ತಕದ ಮಾತು ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಮೂರನೇ ಸಲ, ನೀವೂ ಯಜಮಾನರೂ ಹತ್ತಿರ ಮಲಗುತ್ತೀರಾ, ಅದರಲ್ಲಿ ನಿಮಗೆ ಸಮಾಧಾನ ಇದೆಯಾ ಎಂದು ಕೇಳಿದೆ. ಅವರು ತಮ್ಮ ಎಡಗೈ ಮುಂದೆ ಚಾಚಿದರು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಕೂಡಿಸಿದ ಕೈ, ಮೊಣಕೈ ಹತ್ತಿರ ಉಬ್ಬಿತ್ತು. ಮುಟ್ಟಿ ನೋಡು ಎಂದರು. ಬೆರಳಿಟ್ಟರೆ ಒಳಗೆ ಗುಂಯ್ ಎಂದು ಸದಾ ನಡುಗುತ್ತಿತ್ತು.

“ಇದರ ಮ್ಯಾಲೆ ಭಾರ ಬಿದ್ದೀತು ಅಂತ ಆತ ಎರಡು ವರ್ಷದಿಂದ ಪಡಸಾಲ್ಯಾಗೆ ಮಲಗ್ತಾನ್ರಿ. ಜಗಳ ಇಲ್ಲ, ಬ್ಯಾಸರ ಇಲ್ಲ. ಹೆದರಿಕೆ. ನಾನೂ ಕರೀಲಿಲ್ಲ. ನಿಮ್ಮ ಡಾಕ್ಟರನ್ನ ಒಂಚೂರು ಕೇಳ್ರಲ್ಲ, ಪಕ್ಕದಾಗೆ ಮಲಗಿದ್ರೆ ಏನಾದ್ರೂ ಆಗ್ತೈತಾ?”

ನಾನು ಹೊರಗೆ ಬಂದೆ. ಇದಕ್ಕೆ ಯಾವ ಅಂಕಿ ಹಾಕಲಿ ಎಂದು ಮೇಡಂ ಅವರನ್ನು ಕೇಳಿದೆ. ಗಂಡನ ಮೇಲೆ ಅವರಿಗೆ ಅತೃಪ್ತಿ ಇಲ್ಲ, ಆದರೂ ಒಂದು ಎಂದೇ ಹಾಕಬೇಕೇನೋ, ಅಲ್ಲವೇ ಎಂದೆ.

“ಆಕಿ ಏನಂತಾಳೋ ಅದು. ಅಂಕಿ ಆರಿಸೋದು ಆಕಿ ಕೆಲಸ. ಹೋಗಿ ಕೇಳು.”

ಒಳಗೆ ಹೋಗಿ ಐದು ಉತ್ತರಗಳನ್ನೂ ಓದಿ ಹೇಳಿದೆ. ಗೌರಮ್ಮ ಬಹಳ ಯೋಚಿಸಿ ಎರಡು ಎಂದರು.

ಉಳಿದ ಮನೆಗಳಿಗೆ ಒಬ್ಬಳೇ ಹೋದೆ. ಒಬ್ಬರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ಹರಿಹರದ ಹಿರಿಯರೊಬ್ಬರು ಐದು ಎಂದು ಹೇಳಿ, ಒಳಗಿದ್ದ ಹೆಂಡತಿಗೆ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಎರಡು ಮನೆಗಳಲ್ಲಿ ಕೇಳಬೇಕಾದವರೇ ಇರಲಿಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಎರಡು ಜಾಗವೂ ಬಾಗಿಲು ಹಾಕಿಕೊಂಡವರ ಜಾಗವೂ ಖಾಲಿ ಉಳಿದವು. ತೀರಿಕೊಂಡವರ ಫಾರಂಗಳಲ್ಲಿ ನಾನು ಹಾಕಿದ್ದ ಮೂರು ಎಂಬ ಅಂಕಿ ಅಳಿಸುವಾಗ ಮೇಡಂ ಒಂದಷ್ಟು ಹೊತ್ತು ನಡೆಯದೆ ನಿಂತಿದ್ದರು.

ಹೊಸ ಉತ್ತರಗಳೊಂದಿಗೆ ಅದೇ ಹಾಳೆಯ ಅದೇ ವಿಧಾನ ಹಾಕಿದಾಗ ಸ್ಮಿತಾಳ ಫಲಿತಾಂಶ ಉಳಿಯಲಿಲ್ಲ. ವ್ಯತ್ಯಾಸ ಇದೆ ಎಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು, ಅಷ್ಟನ್ನೇ ಬರೆ ಎಂದರು ಮೇಡಂ. ಪಟ್ಟಿಯ ಕೆಳಗೆ, ಈ ಒಂದು ಪ್ರಶ್ನೆಯನ್ನು ಉಳಿದವುಗಳಿಗಿಂತ ತಡವಾಗಿ ಕೇಳಲಾಗಿದೆ, ಕಾರಣ ಇಂಥದ್ದು ಎಂದೂ ಬರೆಸಿದರು. ಗೈಡ್ ಸಿಡುಕಿದರಂತೆ. ಆದರೂ ಥೀಸಿಸ್ ಪಾಸಾಯಿತು. ಗೌರಮ್ಮನ ಪ್ರಶ್ನೆಯನ್ನು ಹೆಸರು ಹೇಳದೆ ಸ್ಮಿತಾಳಿಗೆ ತಲುಪಿಸಿದ್ದೆ. ಒಂದು ಸಂಜೆ ಅವಳು ನಮ್ಮ ಮನೆಗೇ ಬಂದು, ಆ ಕೈಯ ವಿಷಯ ಕೇಳಿದವರು ಯಾರೆಂದು ವಿಚಾರಿಸಿದಳು. ಮೈಭಾರ ಆ ಕೈ ಮೇಲೆ ಬೀಳದಂತೆ ನೋಡಿಕೊಂಡರೆ ಸಾಕು, ಪಕ್ಕದಲ್ಲಿ ಮಲಗಲು ಯಾವ ಅಡ್ಡಿಯೂ ಇಲ್ಲ, ಇದನ್ನು ಇನ್ನು ಮುಂದೆ ಗಂಡಂದಿರಿಗೂ ಹೇಳುವಂತೆ ನರ್ಸಿಗೆ ತಿಳಿಸಿದ್ದೇನೆ ಎಂದಳು. ಗೌರಮ್ಮನಿಗೆ ನಾನೇ ಹೋಗಿ ಹೇಳಿಬಂದೆ.

ಎರಡು ವರ್ಷದ ಮೇಲೆ ಮೇಡಂ ಅವರ ಹೃದಯ ಸೋತಿತು. ನಾನು ಅವರನ್ನು ಕಡೆಯ ಸಲ ಮಾತಾಡಿಸಿದ್ದು ಆಸ್ಪತ್ರೆಯಲ್ಲಿ, ಅವರು ಹೋಗುವ ಮೂರು ದಿನ ಮುಂಚೆ. ಉಸಿರಿಗೆ ಕಷ್ಟವಾಗಿ ದಿಂಬಿಗೊರಗಿದ್ದರು. ಕಾಲು ಆಡದಿದ್ದರೂ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ಓಡಾಡುತ್ತಲೇ ಇದ್ದವು. ಆಗ ಕನ್ನಡಕದ ಪಿ.ಜಿ. ಹುಡುಗಿಯೊಬ್ಬಳು ಫಾರಂ ಹಿಡಿದು ಬಂದಳು. ಹೃದ್ರೋಗಿಗಳ ಬದುಕು ಹೇಗಿದೆ ಎಂಬ ಅಧ್ಯಯನ. ಮೇಡಂ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಒಂದು ಕಡೆ ತಡೆದಳು. ಅವರ ಬಿಳಿಕೂದಲು ನೋಡಿದಳು, ಬರಿಗೊರಳು ನೋಡಿದಳು. ಪೆನ್ನು ಒಂದು ಗುರುತು ಹಾಕಿ ಮುಂದಿನ ಸಾಲಿಗೆ ಇಳಿಯಿತು.

“ಅಲ್ಲೇನು ಬರ್ದೆ ತಂಗಿ?”

ಅದು ನಿಮಗೆ ಅನ್ವಯಿಸುವುದಿಲ್ಲ ಆಂಟಿ, ಎಂದಳು ಹುಡುಗಿ, ಕೆಂಪಾಗಿ.

“ಅನ್ವಯಿಸ್ತೈತೋ ಇಲ್ಲೋ ನಾ ಹೇಳ್ತೀನಿ. ನೀ ಕೇಳು.” ಆಮೇಲೆ ನನ್ನ ಕಡೆ ತಿರುಗಿದರು. “ನೀ ಒಂಚೂರು ಹೊರಗೆ ಹೋಗವ್ವಾ.”

ಫ್ಲಾಸ್ಕ್ ಹಿಡಿದುಕೊಂಡು ಹೊರಗೆ ನಿಂತೆ. ಬಾಗಿಲಿನ ಗಾಜಿನ ಚೌಕದಲ್ಲಿ ಕಾಣುತ್ತಿತ್ತು. ಮೇಡಂ ಮಾತಾಡುತ್ತಿದ್ದರು, ನಡುನಡುವೆ ಉಸಿರಿಗೆ ನಿಲ್ಲಿಸಿ, ಮತ್ತೆ ಮಾತಾಡುತ್ತಿದ್ದರು. ಹುಡುಗಿ ಬರೆಯುವುದು ಬಿಟ್ಟಿದ್ದಳು. ಸ್ಟೂಲನ್ನು ಹಾಸಿಗೆಯ ಹತ್ತಿರ ಎಳೆದುಕೊಂಡಿದ್ದಳು. ಇಷ್ಟು ವರ್ಷ ಅವರ ಚಪ್ಪಲಿಯ ಸದ್ದಿನಲ್ಲೇ ಅವರ ಮನಸ್ಸು ತಿಳಿಯುತ್ತೇನೆ ಎಂದುಕೊಂಡಿದ್ದವಳಿಗೆ ಗಾಜಿನ ಈಚೆ ಒಂದು ಮಾತೂ ಕೇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿ ಹೊರಬಂದಳು. ಫಾರಂ ಎದೆಗೆ ಒತ್ತಿಕೊಂಡಿದ್ದಳು. ಇವರು ಇಷ್ಟೆಲ್ಲ ಹೇಳಿದರು, ಇದಕ್ಕೆ ನಾನು ಯಾವ ಅಂಕಿ ಹಾಕಬೇಕು ಆಂಟಿ ಎಂದು ನನ್ನನ್ನೇ ಕೇಳಿದಳು.

ಅವರು ಯಾವುದು ಹೇಳಿದರು ಎಂದೆ.

ಅಂಕಿ ಹೇಳಲಿಲ್ಲ ಎಂದಳು.

“ಹಾಗಾದರೆ ಒಳಗೆ ಹೋಗಿ ಕೇಳಮ್ಮಾ” ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು ಮತ್ತೆ ಒಳಗೆ ಹೋದಳು. ನಾನು ಗಾಜಿನ ಕಡೆ ನೋಡದೆ, ಗೋಡೆಗೆ ಮುಖ ಮಾಡಿ ನಿಂತೆ.