ನನಗಿಂತ ಮೊದಲು ಊರು ಮುಟ್ಟಿದ ಹಕ್ಕಿ

ಕಳೆದ ಚಳಿಗಾಲದ ಮಾತು. ದೋಹಾದ ಒಂದು ಪರಿಸರ ಸಂಸ್ಥೆಯಲ್ಲಿ ನನಗೆ ಕೆಲಸ. ಖತಾರಿನ ಕಡಲತೀರದಲ್ಲಿ ಹಕ್ಕಿಗಳ ಬೆನ್ನಿಗೆ ಪುಟ್ಟ ಟ್ಯಾಗ್ ಕಟ್ಟಿ ಬಿಡುತ್ತಾರೆ. ಅವು ಎಲ್ಲೆಲ್ಲಿ ಹಾರಿದವು ಎಂಬ ಮಾಹಿತಿ ಉಪಗ್ರಹದ ಮೂಲಕ ಬರುತ್ತದೆ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಮ್ಯಾಪಿನ ಮೇಲೆ ಗೆರೆ ಮೂಡಿಸುವುದು ನನ್ನ ಪಾಲಿನ ಕೆಲಸ.

ನಾನೂ ನಮ್ಮವರೂ ಅಲ್ ವಕ್ರಾದಲ್ಲಿ ಇನ್ನೊಂದು ಕುಟುಂಬದ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೇವೆ. ಇಬ್ಬರೂ ಬೆಳಿಗ್ಗೆ ಹೊರಟರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಹಾಗಾಗಿ ಮೂರು ವರ್ಷದ ಮಗ ಚಿನ್ನು, ಉಡುಪಿ ಕಡೆಯ ಕೋಡಿಬೆಂಗ್ರೆಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾನೆ. ಅಕ್ಕನನ್ನು ಅವನು 'ಅಮ್ಮ' ಎನ್ನುತ್ತಾನೆ, ನನ್ನನ್ನು 'ಫೋನಮ್ಮ'. ಕೇಳಿದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತೇನೆ.

ಅವತ್ತು ಮ್ಯಾಪ್ ಒಪ್ಪಿಸಬೇಕಾದ ದಿನ. ಒಂದು ಕಡಲಹಕ್ಕಿಯ ಗೆರೆ ಮಾತ್ರ ಯುರೋಪಿನಲ್ಲಿ ಶುರುವಾಗಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಮುಗಿದಿತ್ತು! ಮೈಸೂರಿನವರಾದ ನಮ್ಮ ಮ್ಯಾನೇಜರ್ ನೋಡಿ, "ಈ ಚಳೀಲಿ ಯಾವ ಹಕ್ಕಿ ಕಣ್ರೀ ಅಲ್ಲಿಗೆ ಹೋಗುತ್ತೆ? ಟ್ಯಾಗ್ ಕೆಟ್ಟೋಗಿದೆ. ತೆಗೆದುಹಾಕಿ, ಖಲಾಸ್" ಎಂದರು.

ಅಳಿಸಲು ಹೊರಟವಳು ಕೊನೆಯ ಸಾಲು ನೋಡಿ ಕೈ ತಡೆದೆ. ಅಕ್ಷಾಂಶ ಎಪ್ಪತ್ತನಾಲ್ಕು ಚಿಲ್ಲರೆ, ರೇಖಾಂಶ ಹದಿಮೂರು ಚಿಲ್ಲರೆ. ಊಟದ ಬಿಡುವಿನಲ್ಲಿ ಅಕ್ಕನ ಮನೆಯ ಹೆಂಚಿನ ಮಾಡನ್ನು ಮ್ಯಾಪಿನಲ್ಲಿ ಹುಡುಕಿ ನೋಡುವ ಹುಚ್ಚು ನನಗೆ. ಆ ಎರಡು ಅಂಕಿ ಬಾಯಿಪಾಠ. ಆದರೆ ಇಲ್ಲಿ ಹಿಂದುಮುಂದಾಗಿವೆ! ಆ ಟ್ಯಾಗ್ ಬೇರೆ ಕಂಪನಿಯದು, ಎಕ್ಸ್‌ಪೋರ್ಟ್ ಆಗುವಾಗ ಎರಡು ಕಾಲಂ ಅದಲುಬದಲಾಗಿದ್ದವು. ಸರಿಪಡಿಸಿದೆ. ಗೆರೆ ಖತಾರಿನಿಂದ ಹೊರಟು, ಅರಬ್ಬಿ ಸಮುದ್ರ ದಾಟಿ, ಸೀದಾ ಕೋಡಿಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿಯಿತು. ಆ ಬೆಳಿಗ್ಗೆ ಹಕ್ಕಿ ಇದ್ದದ್ದು ನನ್ನ ಮಗನನ್ನು ಕೂಗಿದರೆ ಕೇಳುವಷ್ಟು ದೂರದಲ್ಲಿ.

ಕೂಡಲೇ ಅಕ್ಕನಿಗೆ ವೀಡಿಯೊ ಕಾಲ್ ಮಾಡಿದೆ. "ಅಕ್ಕ, ಚಿನ್ನುವನ್ನು ಎತ್ತಿಕೊಂಡು ಅಳಿವೆ ಹತ್ರ ಹೋಗು. ನಮ್ಮ ಹಕ್ಕಿ ಬಂದಿದೆ!"

"ನಿನಗೆ ಎಂತ ಆಯ್ತು ಮಾರಾಯ್ತಿ? ಒಲೆ ಮೇಲೆ ಮೀನು ಉಂಟು" ಎಂದು ಬೈಯುತ್ತಲೇ ಒಲೆ ಆರಿಸಿ ಹೋದಳು. ಮರಳದಿಬ್ಬದ ತುಂಬ ಹಕ್ಕಿಗಳು. "ಇದರಲ್ಲಿ ನಿನ್ನದು ಯಾವುದು ಅಂತ ಹೇಳುವುದು?" ನನಗಾದರೂ ಏನು ಗೊತ್ತು!

ಚಿನ್ನು ಮಾತ್ರ ಎಲ್ಲದಕ್ಕೂ ಕೈ ಬೀಸುತ್ತಿದ್ದ. "ಫೋನಮ್ಮನ ಹಕ್ಕಿ! ಫೋನಮ್ಮನ ಹಕ್ಕಿ!" ಆಮೇಲೆ ಫೋನಿಗೆ ಮುಖ ಒತ್ತಿ, "ನೀನೂ ಅದ್ರ ಒಟ್ಟಿಗೆ ಬಂದ್ಯಾ? ಎಲ್ಲಿ ಕೂತಿದ್ದಿ?" ಎಂದ. ಉತ್ತರಕ್ಕೂ ಕಾಯದೆ ಹಕ್ಕಿಗಳ ನಡುವೆ ನನ್ನನ್ನು ಹುಡುಕಲು ಓಡಿದ.

ಮ್ಯಾಪ್ ಚೆನ್ನಾಗಿದೆಯೆಂದು ಎಲ್ಲರೂ ಹೊಗಳಿದರು. ಮಾರ್ಚಿನಲ್ಲಿ ಹಕ್ಕಿ ಇತ್ತ ಮರಳಿತು. ನನ್ನ ರಜೆ ಇನ್ನೂ ಮಂಜೂರಾಗಿಲ್ಲ. ನಿಜ ಹೇಳುತ್ತೇನೆ, ಆ ಹಕ್ಕಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಅದರ ಫೈಲ್ ತೆರೆದಾಗಲೆಲ್ಲ ಗೆರೆಯ ತುದಿಯಲ್ಲಿ ನನ್ನ ಮಗ ಮರಳಿನ ಮೇಲೆ ಓಡುತ್ತಾ ಇನ್ನೂ ನನ್ನನ್ನು ಹುಡುಕುತ್ತಿರುತ್ತಾನೆ.