ಗಂಗುಲಮ್ಮನವರಿಗೆ ಸಿಕ್ಕ ಜೋಡಿ ನೊಣ

ಮೋಹನ್‌ಬಾಬು ತೀರಿಕೊಂಡ ಸುದ್ದಿಯನ್ನು ಗಂಗುಲಮ್ಮನವರಿಗೆ ತಿಳಿಸಿದವನು ನಾನೇ. ಅವನು ನನ್ನ ತಂಗಿಯ ಮಗ, ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಇನ್ನೂ ಹೊತ್ತು ಮೂಡಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದ ಹಿತ್ತಲಲ್ಲಿ ಆಕೆ, ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುಗಳನ್ನು ಒಣಗಲು ಹರಡುತ್ತಿದ್ದರು. ಕೈ ನಿಂತಿತು. "ಹೋದ ವಾರ ಬಂದಾಗ ಚೆನ್ನಾಗಿದ್ರಲ್ಲ ಸ್ವಾಮಿ" ಎಂದರು. ಕೈಗಂಟಿದ ಹುಳುಗಳನ್ನು ಕೊಡವಿಕೊಂಡು, "ಜೋಡಿ ಇನ್ನೂ ಸಿಕ್ಕಿಲ್ವಲ್ಲ" ಎಂದರು.

ಆ ಹುಳುರಾಶಿಯಲ್ಲಿ ಎಳ್ಳಿಗಿಂತ ಚಿಕ್ಕದಾದ ಒಂದು ನೊಣವಿದೆ. ಬಲ್ಲವರಲ್ಲೂ ಅದನ್ನು ಕಂಡವರು ಕಡಿಮೆ. ಮೊದಲ ಸಲ ಬಂದ ಮೋಹನ್‌ಬಾಬು, ಇಲ್ಲಿ ಹಾರುವುದೇನು ಎಂದು ಕೇಳಿದಾಗ, ಮನೆಯಲ್ಲಿ ತೆಲುಗಾಡುವ ಗಂಗುಲಮ್ಮ "ಈಗ" ಎಂದರು. ಮಂಡ್ಯದಲ್ಲಿ ಬೆಳೆದ ಅವನು ಕಾದು ನಿಂತ. "ಈಗ ಏನಮ್ಮ?" "ಈಗ, ಸಾರ್." ತೆಲುಗಿನಲ್ಲಿ ಈಗ ಎಂದರೆ ನೊಣ ಎಂದು ಹಂಡೆಗೆ ಉರಿ ಹಾಕುವ ವೇಣು ಬಿಡಿಸಿ ಹೇಳುವವರೆಗೂ ಇಬ್ಬರೂ ಮುಖ ಮುಖ ನೋಡುತ್ತಿದ್ದರಂತೆ.

ರೆಕ್ಕೆಯಿರುವವೆಲ್ಲ ಗಂಡು. ಅದೇ ರಾಶಿಯಲ್ಲಿ ರೆಕ್ಕೆಯಿಲ್ಲದೆ ಹೇನಿನಂತೆ ಓಡಾಡುವ ಹೆಣ್ಣುಗಳೂ ಇವೆ. ಇವೆರಡೂ ಒಂದೇ ಜಾತಿಯವೇ? ಇಂಥ ನೊಣಗಳಲ್ಲಿ ಕೂಡುವಾಗ ಗಂಡು ಹೆಣ್ಣನ್ನು ಹೊತ್ತು ಹಾರುವುದುಂಟು. ಹಾಗೆ ಕೂಡಿದ ಜೋಡಿ ಸಿಕ್ಕರೆ ಸಂಶಯ ತೀರುತ್ತದೆ. ಬೇರೆ ಪರೀಕ್ಷೆಗಳೂ ಇವೆ, ಆದರೆ ಮೋಹನ್‌ಬಾಬುವಿಗೆ ಕಣ್ಣಾರೆ ಕಂಡದ್ದೇ ಬೇಕಿತ್ತು. ಅಲ್ಲಿಯವರೆಗೆ ಎಂದು ಎರಡನ್ನೂ ಬೇರೆ ಬೇರೆ ಸೀಸೆಗಳಲ್ಲಿ ಇಟ್ಟಿದ್ದ.

ಗಂಗುಲಮ್ಮ ಮದುವೆಯಾಗಿ ಬಂದಾಗಿನಿಂದ ಇದೇ ಹಿತ್ತಲಲ್ಲಿ ದುಡಿಯುತ್ತಿದ್ದಾರೆ. ಬೇಯಿಸಿದ ಹುಳುವಿನ ನೀರಿಗೆ ಬೆರಳ ಸಂದುಗಳು ಬಿರಿದಿವೆ. ಎಷ್ಟು ತೊಳೆದರೂ ಸೀರೆಯ ವಾಸನೆ ಹೋಗುವುದಿಲ್ಲ. "ಬಸ್ಸಲ್ಲಿ ನನ್ ಪಕ್ಕದ ಸೀಟು ಯಾವಾಗ್ಲೂ ಖಾಲಿ ಸ್ವಾಮಿ. ಆರಾಮಾಗಿ ಬುಟ್ಟಿ ಇಟ್ಕೊಂಡು ಹೋಗ್ತೀನಿ" ಎಂದು ನಗುತ್ತಾರೆ.

ಮೇಷ್ಟ್ರು ಹೋದ ಮೇಲೂ ಆಕೆ, ಅವನು ಕಲಿಸಿಕೊಟ್ಟಂತೆ, ದಿನಾ ಮುಂಜಾನೆ ರಾಶಿಯ ಅಂಚಿಗೆ ಬಿಳಿ ಬಟ್ಟೆ ಹಾಸಿ ಸೀಸೆ ಹಿಡಿದು ಕೂರುತ್ತಾರೆ. ನೊಣ ಸೀಸೆಗೆ ಬಿದ್ದಾಗ "ಕೋಪ ಮಾಡ್ಕೋಬೇಡ ತಾಯಿ" ಎನ್ನುತ್ತಾರೆ.

"ಮದುವೆ ಯಾವತ್ತು ಗಂಗುಲಮ್ಮಕ್ಕ? ನಮ್ಗೂ ಊಟ ಉಂಟಾ?" ಎಂದು ವೇಣು ಕೆಣಕುತ್ತಾನೆ.

"ನಿನ್ ಹಂಡೆ ಉಕ್ತೈತೆ, ಅದನ್ನ ನೋಡ್ಕೋ ಹೋಗಪ್ಪ."

ವೈಕುಂಠ ಸಮಾರಾಧನೆ ಕಳೆದು ಕೆಲವು ದಿನಗಳ ಮೇಲೆ ಜೋಡಿಯೊಂದು ಆ ಬಟ್ಟೆಯ ಮೇಲೆ ಬಂದು ಇಳಿಯಿತು. ಆಕೆ ಉಸಿರು ಬಿಗಿಹಿಡಿದು ಸೀಸೆ ಕವುಚಿದರು. ಆ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನೊಡನೆ ಕಾಲೇಜಿಗೆ ಬಂದರು. ಮೋಹನ್‌ಬಾಬುವಿನ ಜೊತೆ ಕೆಲಸ ಮಾಡುತ್ತಿದ್ದ ತನುಜ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಹಳ ಹೊತ್ತು ತಲೆ ಎತ್ತುವುದಿಲ್ಲ. ಕೊನೆಗೆ, "ಬಿಟ್ಟಿಲ್ಲಮ್ಮ, ಕೂಡ್ಕೊಂಡೇ ಇವೆ. ಎರಡೂ ಒಂದೇ ಜಾತಿ" ಎನ್ನುತ್ತಾರೆ.

ಇನ್ನು ಚೀಟಿ ಬರೆಯಬೇಕು. ಊರು, ದಿನ, ಹಿಡಿದವರ ಹೆಸರು.

"ಮೇಷ್ಟ್ರ ಹೆಸರು ಬರೀರಮ್ಮ" ಎನ್ನುತ್ತಾರೆ ಗಂಗುಲಮ್ಮ.

ತನುಜ ಪೆನ್ನನ್ನು ಚೀಟಿಯಿಂದ ಮೇಲೆತ್ತುತ್ತಾರೆ. "ಹಿಡಿದಾಗ ಸಾರ್ ಇರ್ಲಿಲ್ವಲ್ಲಮ್ಮ. ಬರೆಯೋ ಹಾಗಿಲ್ಲ."

ಗಂಗುಲಮ್ಮ ಸೀಸೆಯನ್ನೇ ನೋಡುತ್ತಾರೆ. "ಹೌದು ಬಿಡಿ. ಅವರೂ ಇಲ್ದೇ ಇದ್ದದ್ದನ್ನ ಬರೀತಿರ್ಲಿಲ್ಲ. ನನ್ದೇ ಬರೀರಿ, ಹಿಡಿದಿದ್ದು ನಾನೇ."

ಎರಡು ಸೀಸೆಗಳ ಜೀವಗಳು ಈಗ ಒಂದೇ ಜಾತಿಯಾಗಿ ಒಂದೇ ಪೆಟ್ಟಿಗೆಯಲ್ಲಿವೆ. ಆ ಜಾತಿಗೆ ಹೆಸರಿಡುವ ಕೆಲಸವನ್ನು ತನುಜ ಮುಂದುವರಿಸಿದ್ದಾರೆ. ಎಳ್ಳಿಗಿಂತ ಸಣ್ಣ ಜೀವವನ್ನೂ ಇಂಥದ್ದೆಂದು ಗುರುತಿಸದೆ ಬಿಡಬಾರದೆಂದು ದುಡಿದ ಆ ಹುಡುಗನನ್ನು ಭಗವಂತನು ತನ್ನವನೆಂದು ಗುರುತಿಸಿ, ತನ್ನ ಪಾದದ ಬಳಿ ನೆಮ್ಮದಿಯಿಂದ ಇರಿಸಿಕೊಳ್ಳಲಿ.